ಎರಡನೆಯ ಆರ್

ಕುಟಬಣ ಜೆಟ್ಟಿಯ ಐಸ್ ಫ್ಯಾಕ್ಟರಿಯಲ್ಲಿ ಅವತ್ತು
ಹೆಪ್ಪುಗಟ್ಟಿ ಕೂತದ್ದು ಆಫೀಸಿನ ಕಂಪ್ಯೂಟರ್ ಒಂದೇ.
ಐಸು ಬೆಳಗಿನಿಂದ ಕರಗುತ್ತಲೇ ಇತ್ತು:
ಗೋಣಿಯಡಿಯಿಂದ ಹೊರಟು, ಹೊಸ್ತಿಲು ದಾಟಿ,
ನನ್ನ ಚಪ್ಪಲಿಯನ್ನು ಒಂದು ಸುತ್ತು ವಿಚಾರಿಸಿಕೊಂಡು
ಸಾಳ ನದಿಗೆ ಇಳಿಯುತ್ತಿತ್ತು.

"ಫಾರ್ಮ್ಯಾಟ್ ಗೀರ್ಮ್ಯಾಟ್ ಬೇಡ, ಬರೇ ರಿಪೇರಿ,"
ಅಂದರು ಪಾತ್ರಾಂವ್, ಸ್ಕೂಟರಿನಿಂದ ಇಳಿಯದೆ.
"ಅರವತ್ತೆರಡು ಟ್ರಾಲರುಗಳ ಉದ್ರಿ ಇದೆ ಅದರೊಳಗೆ."
ಮಡಗಾಂವದ ಬ್ಯಾಂಕಿಗೆ ಹೋದರು.

ಬಲೆ ಹೆಣೆಯುವ ನೆವದಲ್ಲಿ ಕಿಟಕಿಯಡಿ ತಾಂಡೇಲರು.
ಅವರಲ್ಲೊಬ್ಬ ನನ್ನ ಭಾವ, ಹಳದೀಪುರದ ಬೊಮ್ಮಯ್ಯ ಹರಿಕಂತ್ರ.
"ಹೋದ್ರೆ ಹೋಯ್ತು ಬಿಡೋ," ಅಂದ, ಮುಖ ಎತ್ತದೆ,
"ಮಷೀನಿಗೂ ಒಂದು ಆಯುಷ್ಯ ಅಂತ ಇರ್ತದೆ."

ಸೀಡಿ ನುಂಗಿ ನೀಲಿ ಪರದೆ ಕೇಳುತ್ತದೆ:
ದುರಸ್ತಿ ಬೇಕೆ? ಆರ್ ಒತ್ತಿ.
ಒತ್ತಬಾರದು.
ಮೂರು ರಾತ್ರಿ ಹಾಳಾದ ಮೇಲೆ ಕಲಿತ ಪಾಠ ಇದು.
ಮೊದಲ ಆರ್ ಕರೆದೊಯ್ಯುವುದು ಒಂದು ಕತ್ತಲ ಕೋಣೆಗೆ;
ಅಲ್ಲಿ ಮಿಣುಕುವ ಒಂದು ಗೀಟು, ನೀನು, ಅಷ್ಟೆ.
ಹೊಸದನ್ನೇ ಹಾಕಲು ಬಂದವನ ಹಾಗೆ ಎಂಟರ್ ಒತ್ತಬೇಕು,
ಯಾರೂ ಓದದ ಕರಾರಿಗೆ ಹೆಬ್ಬೆಟ್ಟು ಹಾಕಬೇಕು,
ಆಗ ಅದು ಡಿಸ್ಕೆಲ್ಲ ತಡಕಿ, ಒಲ್ಲದ ಮನಸ್ಸಿನಿಂದ ಹೇಳುತ್ತದೆ:
ಇಲ್ಲಿ ಮೊದಲೇ ಒಬ್ಬರು ವಾಸವಿದ್ದಾರೆ.
ಅವರನ್ನು ಎಬ್ಬಿಸಿ ಕೂರಿಸಲು ಆರ್.
ಗುಡಿಸಿ ಹಾಕುವ ದಾರಿಗೆ ಎಸ್ಕೇಪ್.

ಕಿಟಕಿಯಡಿ ಭಾವ ಕೆಮ್ಮಿದ.
ಡಿಸ್ಕು ಕೆಟ್ಟಿತ್ತು ಅಂದರೆ ಆಯಿತು. ಡಿಸ್ಕುಗಳು ಕೆಡುತ್ತವೆ.
ಕಳೆದ ಮಳೆಗಾಲ ಅಕ್ಕನ ಬಳೆ ಹೋದದ್ದು ಎಲ್ಲಿಗೆ ಎಂದು ನನಗೆ ಗೊತ್ತು.

ಆರ್ ಒತ್ತಿದೆ.
ಧರ್ಮ ಎಂದು ಯಾರೂ ತಿಳಿಯಬೇಡಿ. ಬೆರಳಿಗೆ ಅಭ್ಯಾಸ.

ಮೂವತ್ನಾಲ್ಕು ನಿಮಿಷ ಬಾಕಿ, ಅಂದಿತು.
ಒಂದು ಟ್ರಾಲರು ಬಂತು, ಬಂಗುಡೆ ಇಳಿಸಿತು, ಹೋಯಿತು.
ಮೂವತ್ನಾಲ್ಕು.
ನದಿಯಾಚೆ ಬೇತುಲ್ ಇಗರ್ಜಿಯಲ್ಲಿ ಹನ್ನೆರಡು ಹೊಡೆಯಿತು.
ಮೂವತ್ನಾಲ್ಕು.
ಕ್ಲೇಮೆಂತಿನ್ ಬಾಯಿ ಪೊಯಿ ಮುರಿದು ಅರ್ಧ ನನಗೆ ಕೊಟ್ಟರು.
"ನಮ್ಮ ಪಾತ್ರಾಂವ್ ಕೂಡ ಫೋನಲ್ಲಿ ಹೀಗೇ,
ಈಗ ಬಂದೆ, ಈಗ ಬಂದೆ."

ಕೊನೆಗೆ ಪ್ಲಗ್ಗು ಕಿತ್ತು, ಹೊಟ್ಟೆ ಬಿಚ್ಚಿದೆ.
ಉಪ್ಪು.
ಸಮುದ್ರ ಕಿಟಕಿಯಿಂದ ದಿನಾ ಒಂದೊಂದು ಚಿಟಿಕೆ ಬಂದು
ರ‍್ಯಾಮಿನ ಚಿನ್ನದ ಹಲ್ಲುಗಳಿಗೆ ಪಾಚಿ ಹಿಡಿಸಿತ್ತು.
"ರಬ್ಬರ್ ಇದೆಯಾ ಬಾಯಿ, ಪೆನ್ಸಿಲ್ ಅಳಿಸುವಂಥದ್ದು?"
ಅವರು ಅರೆಗಳಿಗೆ ತಡೆದು
ಡ್ರಾಯರಿನಿಂದ ತೆಗೆದದ್ದು
ಹುಣಸೆಬೀಜದಷ್ಟು ಸವೆದ ಒಂದು ತುಣುಕು.
ಮಗುವಿನ ಹಲ್ಲುಜ್ಜುವಂತೆ ಉಜ್ಜಿದೆ.
ಕೂರಿಸಿ, ಒತ್ತಿ, ಕರೆಂಟು ಕೊಟ್ಟೆ.

ಮೂವತ್ಮೂರು.

ನಾಲ್ಕರ ಹೊತ್ತಿಗೆ ಎದ್ದು ಕೂತಿತು.
ಗಡಿಯಾರದ ಸೆಲ್ಲು ಸತ್ತು
ಇವತ್ತು ಎರಡು ಸಾವಿರದ ಎರಡು, ಜನವರಿ ಒಂದು, ಅಂದಿತು;
ಅದರ ಲೆಕ್ಕದಲ್ಲಿ ಯಾರೂ ಇನ್ನೂ ಒಂದು ಗಡ್ಡೆ ಐಸೂ ಒಯ್ದಿಲ್ಲ.
ಆದರೂ ಅರವತ್ತೆರಡು ದೋಣಿ, ಹೆಸರು ಹಿಡಿದು, ಪೈಸೆ ಸಮೇತ.
ಭಾವ ಬಲೆಯಿಂದ ತಲೆ ಎತ್ತಲಿಲ್ಲ.

ರಬ್ಬರ್ ಹಿಂದಿರುಗಿಸುವಾಗ ಡ್ರಾಯರ್ ತೆರೆದಿತ್ತು.
ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ,
ಅವೇ ಅರವತ್ತೆರಡು ಹೆಸರು, ಪೆನ್ಸಿಲ್ಲಿನಲ್ಲಿ.
"ಮೊದಲು ಇಲ್ಲಿ," ಅಂದರು ಬಾಯಿ, "ಆಮೇಲೆ ಅದಕ್ಕೆ ಹೇಳುತ್ತೇನೆ.
ಎಲ್ಲವನ್ನೂ ಅದಕ್ಕೆ ಹೇಳಬೇಕು ಅಂತಿಲ್ಲ."
ಕೆಲವು ಸಾಲುಗಳಲ್ಲಿ ಕಾಗದ ಉಜ್ಜಿ ಉಜ್ಜಿ ನೂಲೆದ್ದಿತ್ತು.
ಹಳದೀಪುರ ಎಂದಿದ್ದಲ್ಲಿ
ಬೆಳಕಿಗೆ ಹಿಡಿದರೆ ಆಚೆಯ ಪುಟ ಕಾಣುವಷ್ಟು.

ತಾರೀಖು ಸರಿಮಾಡಿದೆ. ಸ್ಕ್ರೂ ಬಿಗಿದೆ.
ನನ್ನ ಮುನ್ನೂರೈವತ್ತು ಕೇಳಿದೆ.
"ಪಾತ್ರಾಂವ್ ಬರಲಿ," ಅಂದವರೇ
ಪೆನ್ಸಿಲ್ ನಾಲಗೆಗೆ ತಾಗಿಸಿ
ಅರವತ್ತಮೂರನೆಯ ಹೆಸರು ಕೇಳಿದರು.